ಕವಾಸಾಕಿ ಕಾಯಿಲೆ: ರಕ್ತದ ರಿಪೋರ್ಟಿನಲ್ಲಿ ಅಪಾಯ ಗುರುತಿಸುವುದು ಹೇಗೆ?

ಐದು ದಿನವಾದರೂ ಬಿಡದ ಜ್ವರ, ಪಿಸುರಿಲ್ಲದೆ ಕೆಂಪಾದ ಎರಡೂ ಕಣ್ಣು, ಒಡೆದ ತುಟಿ, ಮೈಮೇಲೆ ದದ್ದು, ಊದಿದ ಅಂಗೈ ಅಂಗಾಲು, ಕತ್ತಿನಲ್ಲಿ ಗಂಟು. ಜಪಾನಿನ ಮಕ್ಕಳ ವೈದ್ಯ ತೊಮಿಸಾಕು ಕವಾಸಾಕಿ 1967ರಲ್ಲಿ ವಿವರಿಸಿದ ಈ ಕಾಯಿಲೆ ರಕ್ತನಾಳಗಳ ಉರಿಯೂತ. ಚಿಕಿತ್ಸೆ ಸಿಗದ ಮಕ್ಕಳಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಹೃದಯದ ಕರೋನರಿ ನಾಳ ಉಬ್ಬುತ್ತದೆ. ಹತ್ತು ದಿನದೊಳಗೆ ಐವಿಐಜಿ (ದಾನಿಗಳ ರಕ್ತದಿಂದ ಪಡೆದ ಪ್ರತಿಕಾಯಗಳ ಔಷಧ) ಡ್ರಿಪ್ ಕೊಟ್ಟರೆ ಆ ಭಯ ಬಹುಪಾಲು ತಪ್ಪುತ್ತದೆ. ಆದರೆ ಕೆಲವು ಮಕ್ಕಳು ಮೊದಲ ಡೋಸಿಗೆ ಬಗ್ಗುವುದಿಲ್ಲ, ನಾಳ ಉಬ್ಬುವ ಸಂಭವ ಅವರಲ್ಲೇ ಹೆಚ್ಚು. ಅಂಥವರನ್ನು ಮೊದಲೇ ಗುರುತಿಸಲು ಜಪಾನಿನಲ್ಲಿ ರೂಪಿಸಿದ್ದು ಕೊಬಯಾಶಿ ಸ್ಕೋರ್.

ಮೊದಲು ರಕ್ತ ತೆಗೆಯುವ ಹೊತ್ತು ಸರಿಯಿರಬೇಕು. ಐವಿಐಜಿ ಶುರುವಾಗುವ ಮುನ್ನವೇ ಸಿಬಿಸಿ (ರಕ್ತಕಣಗಳ ಎಣಿಕೆ), ಸಿಆರ್‌ಪಿ (ಉರಿಯೂತ ತೋರುವ ಪ್ರೋಟೀನ್), ಸೋಡಿಯಂ, ಎಸ್‌ಜಿಒಟಿ (ಯಕೃತ್ತಿನ ಕಿಣ್ವ) ಪರೀಕ್ಷೆ ಆಗಿರಲಿ. ಡ್ರಿಪ್ ಹಾಕಿದ ಕೈಯಿಂದ ರಕ್ತ ತೆಗೆದರೆ ನೀರು ಬೆರೆತು ಅಂಕಿಗಳೆಲ್ಲ ಏರುಪೇರಾಗುತ್ತವೆ. ಅಳುವ ಮಗುವಿನ ಬೆರಳು ಹಿಂಡಿ ತೆಗೆದ ರಕ್ತದಲ್ಲಿ ಕೆಂಪು ಕಣ ಒಡೆದರೆ ಎಸ್‌ಜಿಒಟಿ ಸುಳ್ಳಾಗಿ ಏರುತ್ತದೆ, ಹೆಪ್ಪುಗಟ್ಟಿದರೆ ಪ್ಲೇಟ್‌ಲೆಟ್ ಸುಳ್ಳಾಗಿ ಇಳಿಯುತ್ತದೆ. ಅನುಮಾನವಿದ್ದರೆ ಇನ್ನೊಮ್ಮೆ ತೆಗೆಯುವುದೇ ಮೇಲು.

ಇನ್ನು ಲೆಕ್ಕ. ಸೋಡಿಯಂ 133 ಅಥವಾ ಕಡಿಮೆ, ಎಸ್‌ಜಿಒಟಿ 100 ಅಥವಾ ಹೆಚ್ಚು, ನ್ಯೂಟ್ರೋಫಿಲ್ (ಒಂದು ಬಗೆಯ ಬಿಳಿ ರಕ್ತಕಣ) ಶೇ 80 ಅಥವಾ ಹೆಚ್ಚು, ಜ್ವರದ ನಾಲ್ಕನೇ ದಿನದೊಳಗೆ ಚಿಕಿತ್ಸೆ ಶುರು: ಇವುಗಳಿಗೆ ತಲಾ 2 ಅಂಕ. ಸಿಆರ್‌ಪಿ ಡೆಸಿಲೀಟರಿಗೆ 10 ಮಿಲಿಗ್ರಾಂ ಅಥವಾ ಹೆಚ್ಚು, ಪ್ಲೇಟ್‌ಲೆಟ್ 3 ಲಕ್ಷ ಅಥವಾ ಕಡಿಮೆ, ವಯಸ್ಸು 12 ತಿಂಗಳು ಅಥವಾ ಕಡಿಮೆ: ತಲಾ 1. ಜ್ವರ ಬಂದ ದಿನವೇ ಮೊದಲ ದಿನ. ಒಟ್ಟು 4 ಅಥವಾ ಮೇಲಾದರೆ ಹೆಚ್ಚು ಅಪಾಯ.

ಇಲ್ಲಿ ಎಡವುವುದು ಸಿಆರ್‌ಪಿಯಲ್ಲಿ. ನಮ್ಮ ಬಹಳಷ್ಟು ಲ್ಯಾಬುಗಳು ಅದನ್ನು ಲೀಟರಿನ ಲೆಕ್ಕದಲ್ಲಿ ಕೊಡುತ್ತವೆ, ಸ್ಕೋರ್ ಇರುವುದು ಡೆಸಿಲೀಟರಿನಲ್ಲಿ. ಹತ್ತರಿಂದ ಭಾಗಿಸಬೇಕು. ಎರಡು ವರ್ಷದ ಮಗು, ಜ್ವರದ ಆರನೇ ದಿನ, ಸೋಡಿಯಂ 132, ಎಸ್‌ಜಿಒಟಿ 64, ನ್ಯೂಟ್ರೋಫಿಲ್ ಶೇ 78, ಪ್ಲೇಟ್‌ಲೆಟ್ 2.8 ಲಕ್ಷ, ಸಿಆರ್‌ಪಿ ಲೀಟರಿಗೆ 84 ಎಂದುಕೊಳ್ಳಿ. ಸೋಡಿಯಂಗೆ 2, ಪ್ಲೇಟ್‌ಲೆಟ್‌ಗೆ 1. ಸಿಆರ್‌ಪಿ ನಿಜಕ್ಕೂ 8.4, ಅದಕ್ಕೆ ಅಂಕವಿಲ್ಲ, ಒಟ್ಟು 3. ಭಾಗಿಸದೆ 84 ಎಂದೇ ಓದಿದರೆ 4 ಆಗಿ, ಮಗು ಅಪಾಯದ ಸಾಲಿಗೆ ಸೇರಿಬಿಡುತ್ತದೆ.

ಆದರೆ 3 ಬಂತೆಂದು ನಿರಾಳವಾಗುವಂತಿಲ್ಲ. ಜಪಾನಿನ ಮಕ್ಕಳಲ್ಲಿ ಚೆನ್ನಾಗಿ ನಡೆದ ಈ ಸ್ಕೋರ್, ಅಮೆರಿಕದ ಮಕ್ಕಳಲ್ಲಿ ಅಪಾಯವಿದ್ದ ಅನೇಕರನ್ನು ಬಿಟ್ಟುಬಿಟ್ಟಿತು. ನಮ್ಮಲ್ಲೂ ಅದನ್ನೇ ನೆಚ್ಚಿ ಕೂರಬಾರದು. ಮೊದಲ ಎಕೋದಲ್ಲೇ (ಹೃದಯದ ಅಲ್ಟ್ರಾಸೌಂಡ್) ಕರೋನರಿ ನಾಳದ ಝಡ್ ಸ್ಕೋರ್ (ಮಗುವಿನ ಮೈಗಾತ್ರಕ್ಕೆ ಹೋಲಿಸಿ ನೋಡಿದ ನಾಳದ ಅಗಲ) 2.5 ಅಥವಾ ಹೆಚ್ಚಿದ್ದರೆ ಅಥವಾ ಮಗುವಿಗೆ ಆರು ತಿಂಗಳೂ ತುಂಬಿಲ್ಲದಿದ್ದರೆ, ರಕ್ತದ ಅಂಕಿ ಏನೇ ಹೇಳಲಿ, ಅಪಾಯ ಹೆಚ್ಚೆಂದೇ ಹಿಡಿಯಬೇಕು. ಹಸುಗೂಸುಗಳಲ್ಲಿ ಕಾಯಿಲೆಯ ಗುರುತುಗಳೇ ಪೂರ್ತಿ ಕಾಣದಿರುವುದರಿಂದ ಈ ಎಚ್ಚರ ಇನ್ನೂ ಮುಖ್ಯ.

ಐವಿಐಜಿ ಪ್ರಮಾಣ ಕಿಲೋ ತೂಕಕ್ಕೆ 2 ಗ್ರಾಂ, 10ರಿಂದ 12 ಗಂಟೆಯಲ್ಲಿ ನಿಧಾನವಾಗಿ. ಡ್ರಿಪ್ ಮುಗಿದು 36 ಗಂಟೆಯಾದ ಮೇಲೂ ಜ್ವರ ಇದ್ದರೆ ಅಥವಾ ಮರುಕಳಿಸಿದರೆ ಔಷಧ ನಾಟಿಲ್ಲವೆಂದರ್ಥ. ಮುಂದಿನ ಚಿಕಿತ್ಸೆಯನ್ನು ವೈದ್ಯರು ತಡಮಾಡದೆ ನಿರ್ಧರಿಸಬೇಕು. ಈ ಹಂತದಲ್ಲಿ ಇಎಸ್‌ಆರ್ (ಉರಿಯೂತ ಸೂಚಿಸುವ ಇನ್ನೊಂದು ರಕ್ತಪರೀಕ್ಷೆ) ನೋಡಿ ಪ್ರಯೋಜನವಿಲ್ಲ, ಐವಿಐಜಿಯೇ ಅದನ್ನು ಏರಿಸುತ್ತದೆ. ಸಿಆರ್‌ಪಿ ಇಳಿಯುತ್ತಿದೆಯೇ ನೋಡಿ. ಎರಡನೇ ವಾರದಿಂದ ಪ್ಲೇಟ್‌ಲೆಟ್ ಏರತೊಡಗುವುದು ಕಾಯಿಲೆಯ ಸಹಜ ಗತಿ. ಎಕೋ ಚಿಕಿತ್ಸೆಯಾದ ಒಂದೆರಡು ವಾರದೊಳಗೆ ಒಮ್ಮೆ, ಮತ್ತೆ 4ರಿಂದ 6 ವಾರಕ್ಕೆ ಇನ್ನೊಮ್ಮೆ ಆಗಲೇಬೇಕು. ಐವಿಐಜಿ ಪಡೆದ ಮಕ್ಕಳಿಗೆ ದಡಾರ ಮತ್ತು ಸೀತಾಳೆ ಸಿಡುಬಿನ ಲಸಿಕೆಯನ್ನು ಸಾಮಾನ್ಯವಾಗಿ 11 ತಿಂಗಳು ಮುಂದೂಡುತ್ತಾರೆ. ಆ ದಿನಾಂಕವನ್ನು ಡಿಸ್ಚಾರ್ಜ್ ಚೀಟಿಯಲ್ಲೇ ಬರೆಸಿಕೊಳ್ಳಿ.