ಕೇಶಮುಂಡನದ ದೃಶ್ಯವನ್ನು ನಾನು ಚಿತ್ರಿಸಿದ ಬಗೆ

ಮೂವತ್ತು ನಿಮಿಷದ ನನ್ನ ಚಿತ್ರದ ಖರ್ಚು ಸುಮಾರು ನಾಲ್ಕು ಲಕ್ಷ. ಅದರಲ್ಲಿ ಮೂರನೇ ಒಂದು ಪಾಲನ್ನು ಒಂದೇ ದೃಶ್ಯ ನುಂಗಿತು. 1930ರ ದಶಕದ ಮಲೆನಾಡಿನ ಅಗ್ರಹಾರದಲ್ಲಿ ಹದಿನಾಲ್ಕು ವರ್ಷದ ವಿಧವೆಯ ತಲೆ ಬೋಳಿಸುವ ದೃಶ್ಯ ಅದು. ಹುಡುಗಿಯನ್ನೂ ಕ್ಷೌರಿಕನನ್ನೂ ತೋರಿಸದೆ ಇದನ್ನು ಚಿತ್ರಿಸುತ್ತೇನೆ ಎಂದಾಗ, ಅಳುವ ಮುಖವಿಲ್ಲದೆ ನೋಡುವವರಿಗೆ ಏನು ತಟ್ಟುತ್ತದೆ ಎಂದು ಸಂಕಲನಕಾರರೂ ಸೇರಿದಂತೆ ತಂಡದ ಬಹುತೇಕರು ವಿರೋಧಿಸಿದರು.

ಮೊದಲು ನಾನೂ ಮುಖವನ್ನೇ ನಂಬಿದ್ದೆ. ಬೆಂಗಳೂರಿನಿಂದ ಮೇಕಪ್‌ನವರನ್ನು ಕರೆಸಿ ಬಾಲ್ಡ್ ಕ್ಯಾಪ್ (ತಲೆ ಬೋಳಾಗಿ ಕಾಣುವಂತೆ ಅಂಟಿಸುವ ತೆಳು ಟೊಪ್ಪಿ) ಹಾಕಿಸಿದೆವು. ನಾಲ್ಕು ಗಂಟೆಯ ಕೆಲಸ ಏಪ್ರಿಲ್‌ನ ಬೆವರಿಗೆ ಅರ್ಧ ಗಂಟೆಯಲ್ಲಿ ಹಣೆಯ ಅಂಚಿನಿಂದ ಎದ್ದುಬಂತು. ಎರಡು ದಿನ ಹಾಳಾಯಿತು, ನಲವತ್ತೈದು ಸಾವಿರದಷ್ಟು ಹೋಯಿತು. ಬಳಿಕ ಕ್ಯಾಪಿನ ಮೇಲೆ ವಿಗ್ ಅಂಟಿಸಿ ಬೋಳಿಸಿದರೆ ಕೂದಲು ಕಂತೆಕಂತೆಯಾಗಿ ಕಿತ್ತುಬಂತು. ಹತ್ತೊಂಬತ್ತರ ನಟಿ ತನ್ನ ಕೂದಲನ್ನೇ ಕೊಡಲು ಮುಂದೆ ಬಂದರು. ಪಾತ್ರಕ್ಕೆ ಆದ ಅನ್ಯಾಯವನ್ನೇ ಆಕೆಗೂ ಮಾಡಲು ನನಗೆ ಮನಸ್ಸಾಗಲಿಲ್ಲ. ಅಲ್ಲದೆ 1977ರ ‘ಘಟಶ್ರಾದ್ಧ’ದಲ್ಲಿ ಗಿರೀಶ ಕಾಸರವಳ್ಳಿಯವರು ತಲೆ ಬೋಳಿಸಿದ ಯಮುನೆಯನ್ನು ತೋರಿಸಿದ ಮೇಲೆ ಅದನ್ನೇ ಮತ್ತೊಮ್ಮೆ ಮಾಡುವುದರಲ್ಲಿ ಅರ್ಥವೂ ಇರಲಿಲ್ಲ.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. 1890ರಲ್ಲಿ ಮುಂಬಯಿಯ ಕ್ಷೌರಿಕರು ಕಾರ್ಮಿಕ ನಾಯಕ ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳತ್ವದಲ್ಲಿ, ವಿಧವೆಯರ ತಲೆ ಬೋಳಿಸುವುದಿಲ್ಲವೆಂದು ನಿರ್ಧರಿಸಿದ್ದರು. ಅದನ್ನು ಓದಿದ ಆವೇಶದಲ್ಲಿ, ನಮ್ಮ ಕ್ಷೌರಿಕನೂ ಕತ್ತಿ ಕೆಳಗಿಟ್ಟು ಹೊರಟುಹೋಗುವಂತೆ ಬರೆದು ಅರ್ಧ ದಿನ ಚಿತ್ರಿಸಿದೆ. ಒಡೆಯರ ಅಂಗಳದಲ್ಲಿ ಒಬ್ಬಂಟಿಯಾಗಿ ನಿಂತ ಆ ಬಡವನಿಗೆ ಹಾಗೆ ಮಾಡುವ ಶಕ್ತಿ ಎಲ್ಲಿತ್ತು? ನಾನು ಹುಡುಗಿಯ ಕಥೆಯನ್ನು ಗಂಡಸೊಬ್ಬನ ಪೌರುಷದ ಕಥೆ ಮಾಡುತ್ತಿದ್ದೆ. ಕೈಬಿಟ್ಟೆ.

ದಾರಿ ಸಿಕ್ಕಿದ್ದು ಅಮ್ಮನ ಮಾತಿನಿಂದ. ನಮ್ಮ ಅಜ್ಜಿಯ ಅಕ್ಕ ಕೆಂಪು ಸೀರೆಯ ಮಡಿ ಹೆಂಗಸಾಗಿದ್ದರು. ಅವರ ತಲೆ ಬೋಳಿಸಿದ ದಿನ ಕ್ಷೌರಿಕ ಬೆಳಗಿನ ಜಾವ ಹಿತ್ತಲ ಬಾಗಿಲಿಗೆ ಬಂದಿದ್ದನಂತೆ, ಹೆಂಗಸರು ಯಾರೂ ಅಡಿಗೆಮನೆಯಿಂದ ಹೊರಗೆ ಬರಲಿಲ್ಲವಂತೆ. ಸಕೇಶಿಯಾಗಿ, ಅಂದರೆ ಕೂದಲು ತೆಗೆಸದ ವಿಧವೆಯಾಗಿ ಉಳಿದರೆ ಮಡಿ ಅಡಿಗೆಗೆ ಸೇರಿಸುವುದಿಲ್ಲ, ಮಠದಲ್ಲಿ ತೀರ್ಥವಿಲ್ಲ ಎಂಬ ಭಯದಿಂದ ಹೆತ್ತವಳೇ ಮಗಳನ್ನು ಕಲ್ಲಿನ ಮೇಲೆ ಕೂರಿಸಿ ಒಳಗೆ ಬಂದಿದ್ದಳು. ಮೈಸೂರು ಸಂಸ್ಥಾನವು 1894ರಲ್ಲೇ ಎಂಟು ತುಂಬದ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿತ್ತಾದರೂ, ಆ ಕಾನೂನು ಹಿತ್ತಲಿನ ಈ ಕತ್ತಿಯನ್ನು ಮುಟ್ಟಿರಲಿಲ್ಲ.

ಹಾಗಾಗಿ ಕ್ಯಾಮೆರಾವನ್ನು ಅಡಿಗೆಮನೆಯಲ್ಲಿ, ಕುಳಿತ ಹೆಂಗಸಿನ ಕಣ್ಣಿನ ಎತ್ತರಕ್ಕೆ ಇಟ್ಟೆ. ಬೆಳಕಿಂಡಿಯ ಬೆಳಕಿಗೆ ಒಂದು ರಿಫ್ಲೆಕ್ಟರ್ ಸಾಕಾಯಿತು, ಜನರೇಟರಿನ ಬಾಡಿಗೆ ಉಳಿಯಿತು. ತಾಯಿ ಒರಳಿನಲ್ಲಿ ರುಬ್ಬುತ್ತಾಳೆ, ಅತ್ತೆ ಮೆಟ್ಟುಗತ್ತಿಯಲ್ಲಿ ಬಾಳೆಕಾಯಿ ಹೆಚ್ಚುತ್ತಾಳೆ. ಹಿತ್ತಲಿನಿಂದ ಬಾವಿಯ ರಾಟೆ, ನೀರು ಸುರಿಯುವುದು, ಕತ್ತಿ ಮಸೆಯುವುದು, ಆಮೇಲೆ ಕೆರೆತದ ಸದ್ದು. ಆ ಕೆರೆತ ಶುರುವಾದಾಗ ಒರಳು ಒಂದು ಕ್ಷಣ ನಿಂತು ಮತ್ತೆ ತಿರುಗಬೇಕು. ನಾಲ್ಕು ನಿಮಿಷದ ಒಂದೇ ಶಾಟ್, ಹನ್ನೊಂದನೆಯ ಟೇಕಿಗೆ ಸರಿಹೋಯಿತು.

ಕೆರೆತದ ಸದ್ದಿಗೇ ಒಂದು ವಾರ ಹಿಡಿಯಿತು. ನಿಜವಾದ ಕ್ಷೌರದ ಕತ್ತಿಯ ಧ್ವನಿ ಮೈಕಿನಲ್ಲಿ ತೆಳ್ಳಗೆ ಬಂತು. ಒದ್ದೆ ತೆಂಗಿನ ಸಿಪ್ಪೆ, ಸೋರೆಕಾಯಿ ಎಲ್ಲವನ್ನೂ ಕೆರೆದು ನೋಡಿದೆವು. ಕೊನೆಗೆ ಯಾವುದನ್ನು ಕೆರೆದೆವೆಂದು ಇಲ್ಲಿ ಹೇಳುವುದಿಲ್ಲ. ಮುಂದಿನ ಚಿತ್ರಕ್ಕೂ ನನಗದು ಬೇಕು. ಆದರೆ ಮಿಕ್ಸಿಂಗ್ ಕೋಣೆಯಲ್ಲಿ ಅದನ್ನು ಕೇಳಿದ ಸಂಕಲನಕಾರರು ತಮ್ಮ ವಿರೋಧವನ್ನು ಅಲ್ಲಿಯೇ ಹಿಂತೆಗೆದುಕೊಂಡರು.

ತೀರ್ಥಹಳ್ಳಿಯ ಕಡೆಯ ಒಂದು ತೊಟ್ಟಿಮನೆಯಲ್ಲಿ ಎಪ್ಪತ್ತು ಜನರಿಗೆ ಚಿತ್ರ ತೋರಿಸಿದಾಗ ಆ ನಾಲ್ಕು ನಿಮಿಷ ಯಾರೂ ಕೆಮ್ಮಲಿಲ್ಲ. ಮುಗಿದ ಮೇಲೆ ತೊಂಬತ್ತರ ಆಸುಪಾಸಿನ ಅಜ್ಜಿಯೊಬ್ಬರು ನನ್ನನ್ನು ಹತ್ತಿರ ಕರೆದು, ‘ಎಲ್ಲಾ ಸರಿ ಮಗಾ, ಆದರೆ ಒರಳು ನಿಲ್ಲಲಿಲ್ಲ. ನಮ್ಮ ಚಿಕ್ಕಿಗೆ ಮಾಡಿದ ದಿವಸ ಹೊರಗಿನ ಸದ್ದು ಕಿವಿಗೆ ಬೀಳಬಾರದು ಅಂತ ಅಜ್ಜಿ ಇನ್ನೂ ಜೋರಾಗಿ ರುಬ್ಬಿದ್ದಳು’ ಎಂದರು. ಒಂಬತ್ತನೆಯ ಟೇಕಿನಲ್ಲಿ ತಾಯಿಯ ಪಾತ್ರದ ನಟಿ ಕೈ ನಿಲ್ಲಿಸಲು ಮರೆತು ರುಬ್ಬುತ್ತಲೇ ಹೋಗಿದ್ದರು. ಅದನ್ನು ಹುಡುಕಿ ತೆಗೆದು, ಮತ್ತೆ ಎಂಟು ಸಾವಿರ ಕೊಟ್ಟು ಮಿಕ್ಸಿಂಗ್ ಮಾಡಿಸಿದೆ. ಈಗ ಚಿತ್ರದಲ್ಲಿರುವುದು ಅದೇ ಟೇಕು.