ಲಾಂಗ್ ಡಾರ್ಕ್‌ನಲ್ಲಿ ಮೈಗೆ ಏನು ಹಾಕಬೇಕು

ವಿಜಯಪುರದ ನಮ್ಮ ಮನೆಯಲ್ಲಿ ಜನವರಿ ರಾತ್ರಿಗೂ ಒಂದು ಕಂಬಳಿ ಸಾಕು. ಅದಕ್ಕೇ ಕೆನಡಾದ ಹಿಮದಲ್ಲಿ ನಡೆಯುವ ಲಾಂಗ್ ಡಾರ್ಕ್ ಅನ್ನೋ ಈ ವಿಡಿಯೋ ಗೇಮ್‌ನಲ್ಲಿ ಮೊದಮೊದಲು ತುಂಬ ಸಲ ಸತ್ತೆ. ದಪ್ಪ ಕೋಟು ಸಿಕ್ಕರೆ ಸಾಕು ಅಂದುಕೊಂಡಿದ್ದೆ.

ಮೇಲುಡುಪು ಆರಿಸುವಾಗ, ಅದು ಎಷ್ಟು ಬೆಚ್ಚಗೆ ಅಂತ ಆಟ ತೋರಿಸುವ ಅಂಕಿಯನ್ನಷ್ಟೇ ನೋಡಬೇಡಿ. ಗಾಳಿ ತಡೆಯುವ ಅಂಕಿಯನ್ನೂ ನೋಡಿ. ಬಯಲಲ್ಲಿ, ಹೆಪ್ಪುಗಟ್ಟಿದ ಕೆರೆ ಮೇಲೆ ಜೀವ ತೆಗೆಯೋದು ಗಾಳಿಯೇ. ಮೈಗೆ ಒಳಗೆ 2, ಹೊರಗೆ 2 ಪದರ ಹಾಕಬಹುದು. ಒಳಗೆ ಉಣ್ಣೆ ಸ್ವೆಟರ್ ಹಾಕಿ, ಹೊರಗೆ ಗಾಳಿ ತಡೆಯುವ ಜಾಕೆಟ್ ಹಾಕಿ. ನೆನೆಯೋದು ಮೊದಲು ಹೊರಗಿನದೇ.

ಕಾಲುಚೀಲ 2 ಜೊತೆ ಹಾಕಬಹುದು, ಇದನ್ನು ತುಂಬ ಜನ ಮರೆಯುತ್ತಾರೆ. ಒಮ್ಮೆ ತೆಳು ಮಂಜುಗಡ್ಡೆ ಒಡೆದು ನೀರಿಗೆ ಬಿದ್ದೆ. ಬಟ್ಟೆಯೆಲ್ಲ ಒದ್ದೆ. ಗುಡಿಸಲಲ್ಲಿ ಬೆಂಕಿ ಹಚ್ಚಿ, ಒಂದೊಂದೇ ಕಳಚಿ ಬೆಂಕಿ ಪಕ್ಕ ನೆಲದ ಮೇಲೆ ಹರಡಿದೆ. ಬೂಟು ಕೊನೆಗೆ ಒಣಗಿತು. ಮೈಮೇಲೇ ಬಿಟ್ಟಿದ್ದರೆ ಹೆಪ್ಪುಗಟ್ಟುತ್ತಿತ್ತು, ಅಲ್ವಾ?

ಕರಡಿ ತೊಗಲಿನ ಕೋಟು ತುಂಬ ಬೆಚ್ಚಗೆ, ಆದರೆ ಭಾರ ಜಾಸ್ತಿ, ಓಡೋದು ಕಷ್ಟ. ದೂರ ಹೋಗುವ ದಿನ ನಾನು ಅದನ್ನು ಮನೆಯಲ್ಲೇ ಬಿಡುತ್ತೇನೆ. ಹೊರುವ ಮಿತಿ ಶುರುವಿಗೆ 30 ಕಿಲೋ.

ಹರಿದ ಬಟ್ಟೆ ಬೆಚ್ಚಗಿರೋದಿಲ್ಲ. ಸೂಜಿದಾರದ ಪೆಟ್ಟಿಗೆ ಸಿಕ್ಕರೆ ಸುಮ್ನೆ ಬಿಡಬೇಡಿ. ಹಿಮಗಾಳಿ ಬೀಸುವ ರಾತ್ರಿ ಒಳಗೆ ಕೂತು ಮೊದಲು ಕೋಟು, ಆಮೇಲೆ ಪ್ಯಾಂಟು ಹೊಲಿಯಿರಿ.