ಜನರೇಟರ್ ಇಲ್ಲದೆ 94 ರಾತ್ರಿ: ಕ್ಯಾರವಾನ್ ಪ್ರವಾಸದ ಲೆಕ್ಕಾಚಾರ

ಒಂದೇ ಒಂದು 200 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿ, ಚಾವಣಿ ಮೇಲೆ 400 ವ್ಯಾಟ್ ಪ್ಯಾನೆಲ್, 80 ಲೀಟರಿನ ನೀರಿನ ಟ್ಯಾಂಕ್, 5 ಕೆ.ಜಿ.ಯ ಎರಡು ಗ್ಯಾಸ್ ಸಿಲಿಂಡರ್. ಇಷ್ಟನ್ನೇ ನಂಬಿಕೊಂಡು ಇಬ್ಬರು ಮೂರು ತಿಂಗಳು ಕಾರಿನ ಹಿಂದೆ ಕ್ಯಾರವಾನ್, ಅಂದರೆ ಚಕ್ರದ ಮೇಲಿನ ಮನೆ, ಎಳೆದುಕೊಂಡು ತಿರುಗುವುದು ಆಗದ ಮಾತು, ನಾಲ್ಕನೇ ದಿನಕ್ಕೇ ಜನರೇಟರ್ ಹುಡುಕಬೇಕಾಗುತ್ತದೆ ಎಂದು ಇದರಲ್ಲಿ ಪಳಗಿದವರೇ ಹೇಳಿದ್ದರು. ಆಗಿದೆ. 94 ರಾತ್ರಿ, ಹನ್ನೊಂದು ಸಾವಿರ ಕಿ.ಮೀ.ಗೆ ತುಸು ಹೆಚ್ಚು. ಹೊರಗಿನ ಕರೆಂಟಿಗೆ ಪ್ಲಗ್ ಹಾಕಿದ್ದು ಐದೋ ಆರೋ ರಾತ್ರಿ, ಅದರಲ್ಲೂ ಅರ್ಧದಷ್ಟು ಸಲ ಬ್ಯಾಟರಿ ತುಂಬಿಯೇ ಇತ್ತು. ತೂಕದ ಅಂಕಿಗಳು ವೇಬ್ರಿಜ್ ಚೀಟಿಯಲ್ಲಿವೆ. ಮಿಕ್ಕವು ನೆನಪಿನಿಂದ ಬರೆದವು, ಹತ್ತು ಪರ್ಸೆಂಟ್ ಅತ್ತಿತ್ತ ಇರಬಹುದು.

ಮಾಡಿದ್ದೇನೆಂದರೆ, ನಕ್ಷೆ ನೋಡಿ ದಿನ ಎಣಿಸುವುದನ್ನು ಬಿಟ್ಟು ಬ್ಯಾಟರಿ ನೋಡಿ ದಿನ ಎಣಿಸಿದ್ದು. ದಿನದ ಖರ್ಚು 900ರಿಂದ 1000 ವ್ಯಾಟ್-ಅವರ್: ಕಂಪ್ರೆಸರ್ ಫ್ರಿಜ್ 480, ರಾತ್ರಿಯಿಡೀ ತಿರುಗುವ ಚಾವಣಿ ಫ್ಯಾನ್ 160, ಲ್ಯಾಪ್‌ಟಾಪ್ ಮತ್ತು ಫೋನುಗಳು 180, ದೀಪ ಮತ್ತು ಪಂಪ್ ಸೇರಿ 50, ಮಿಕ್ಕಿದ್ದು ಚಿಲ್ಲರೆ. ಬಿಸಿಲಿನ ದಿನ ಪ್ಯಾನೆಲ್‌ಗಳಿಂದ 1300–1500 ಬರುತ್ತದೆ, ಚಿಂತೆಯಿಲ್ಲ. ಮೋಡ ಕವಿದರೆ 300 ಸಿಕ್ಕೀತು. ಅಂದರೆ ದಿನಕ್ಕೆ 650ರಷ್ಟು ಬ್ಯಾಟರಿಯಿಂದಲೇ ಹೋಗುತ್ತದೆ. ಬ್ಯಾಟರಿಯ 2560 ವ್ಯಾಟ್-ಅವರ್‌ನಲ್ಲಿ (200 ಆಂಪಿಯರ್-ಅವರ್ × 12.8 ವೋಲ್ಟ್) 2000 ಬಳಸಿದರೆ ಮೂರು ದಿನ. ನಾಲ್ಕನೇ ಬೆಳಗ್ಗೆ ಜಾಗ ಎಷ್ಟೇ ಚೆನ್ನಾಗಿದ್ದರೂ ಗಾಡಿ ಕದಲಲೇಬೇಕು. ಕಾರಿನ ಆಲ್ಟರ್ನೇಟರಿನಿಂದ (ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸುವ ಭಾಗ) ಕ್ಯಾರವಾನಿನ ಬ್ಯಾಟರಿ ತುಂಬಿಸುವ 30 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಎರಡೂವರೆ ಗಂಟೆ ಓಡಿದರೆ ಸುಮಾರು 1000 ವ್ಯಾಟ್-ಅವರ್, ಅಂದರೆ ಒಂದು ದಿನದ ಖರ್ಚು ಹಿಂದಕ್ಕೆ ಬಂತು. 200 ಕಿ.ಮೀ. ಪ್ರಯಾಣ ಒಂದು ದಿನಕ್ಕಿಂತ ಸ್ವಲ್ಪ ಹೆಚ್ಚೇ ಕೊಡುತ್ತದೆ. ಮೂರು ದಿನ ನಿಲ್ಲು, ಒಂದು ದಿನ ಓಡು. ನೀರೂ ಅಷ್ಟೇ ದಿನ ಬರುತ್ತದೆ, ಟಾಯ್ಲೆಟ್ ಕ್ಯಾಸೆಟ್ (ಕೆಳಗೆ ಮಲಮೂತ್ರ ಸೇರುವ ಡಬ್ಬ) ಕೂಡ ಇಬ್ಬರಿಗೆ ಎರಡು-ಮೂರು ದಿನಕ್ಕೇ ತುಂಬುತ್ತದೆ. ಮೂರೂ ಒಂದೇ ತಾಳಕ್ಕೆ ಬಿದ್ದ ಮೇಲೆ ಪ್ರವಾಸ ತಾನಾಗಿ ನಡೆಯಿತು.

ಇದು ಕಾಗದದ ಲೆಕ್ಕ. ಮೊದಲ ಎರಡು ವಾರ ಇದರಂತೆ ಏನೂ ನಡೆಯಲಿಲ್ಲ, ಕಾರಣ ವೈರು. ಕಾರಿನ ಬ್ಯಾಟರಿಯಿಂದ ಕ್ಯಾರವಾನಿನ ಚಾರ್ಜರ್ ತನಕ 6 ಮೀಟರ್, ಹೋಗಿ ಬರುವ ದಾರಿ 12 ಮೀಟರ್. ಮೊದಲಿದ್ದ 2.5 ಚದರ ಮಿ.ಮೀ. ವೈರಿನಲ್ಲಿ 30 ಆಂಪಿಯರ್ ಎಳೆದರೆ ಎರಡೂವರೆ ವೋಲ್ಟ್ ದಾರಿಯಲ್ಲೇ ಖಾಲಿ. ಮುಂದೆ 13.8 ಇದ್ದರೆ ಹಿಂದೆ 11.3. ಚಾರ್ಜರ್ ವೋಲ್ಟೇಜ್ ಕಡಿಮೆಯಾಯಿತೆಂದು ನಿಲ್ಲುತ್ತದೆ, ಎಳೆತ ನಿಂತೊಡನೆ ವೋಲ್ಟೇಜ್ ಏರುತ್ತದೆ, ಮತ್ತೆ ಶುರುವಾಗುತ್ತದೆ, ಮತ್ತೆ ನಿಲ್ಲುತ್ತದೆ. ದಿನವಿಡೀ ಓಡಿದರೂ ಬ್ಯಾಟರಿಗೆ ಹತ್ತು ಪರ್ಸೆಂಟ್ ಏರುವುದಿಲ್ಲ. ಅಗ್ಗಕ್ಕೆ ಮುಗಿಸೋಣವೆಂದು 6 ಚದರ ಮಿ.ಮೀ. ಎಳೆಸಿದ್ದು ಎರಡನೇ ತಪ್ಪು. ನಷ್ಟ ಒಂದು ವೋಲ್ಟಿಗೆ ಇಳಿಯಿತು. ಆದರೆ ಈಗಿನ ಕಾರುಗಳ ಸ್ಮಾರ್ಟ್ ಆಲ್ಟರ್ನೇಟರ್ ತನ್ನ ಬ್ಯಾಟರಿ ತುಂಬಿದ ಮೇಲೆ ವೋಲ್ಟೇಜನ್ನು ತಾನೇ ಇಳಿಸುತ್ತದೆ, ಆಗ ಮತ್ತೆ ಅದೇ ಕಥೆ. ಕೊನೆಗೆ 16 ಚದರ ಮಿ.ಮೀ., ಪಾಸಿಟಿವ್ ನೆಗೆಟಿವ್ ಎರಡೂ. ನಷ್ಟ 0.4 ವೋಲ್ಟ್. ಅಂದಿನಿಂದ ಚಾರ್ಜರ್ ಒಮ್ಮೆಯೂ ಕೈಕೊಡಲಿಲ್ಲ. ಮೊದಲೇ 16 ಎಳೆದಿದ್ದರೆ ಒಂದು ವೈರಿನ ದುಡ್ಡು, ಎರಡು ದಿನದ ಕೂಲಿ ಉಳಿಯುತ್ತಿತ್ತು.

ವೈರಿನ ಎರಡು ತುದಿಯಲ್ಲೂ, ಬ್ಯಾಟರಿಗೆ ಹತ್ತಿರದಲ್ಲೇ, ಫ್ಯೂಸ್ ಬೇಕು. ಎರಡೂ ಕಡೆ ಬ್ಯಾಟರಿ ಇರುವುದರಿಂದ ಒಂದು ಕಡೆಯ ಫ್ಯೂಸ್ ಮಾತ್ರ ಸಾಲದು. ಕಾರು-ಕ್ಯಾರವಾನ್ ನಡುವಿನ ಜೋಡಣೆಗೆ 50 ಆಂಪಿಯರಿನ ಆಂಡರ್ಸನ್ ಪ್ಲಗ್, ಅಂದರೆ ಹೆಚ್ಚು ಕರೆಂಟ್ ತಡೆಯುವ ದಪ್ಪ ಪ್ಲಗ್. ದೀಪಗಳ 13 ಪಿನ್ ಪ್ಲಗ್ಗಿನಲ್ಲಿ ಇಷ್ಟು ಕರೆಂಟ್ ಹರಿಸಿದರೆ ಪಿನ್ ಬಿಸಿಯಾಗಿ ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಲಗ್ಗುಗಳನ್ನು (ವೈರಿನ ತುದಿಗೆ ಹಾಕುವ ಲೋಹದ ಕಿವಿ) ಒತ್ತಿ ಕ್ರಿಂಪ್ ಮಾಡಿ, ಬೆಸುಗೆ ಬೇಡ. ಬೆಸುಗೆ ಮುಗಿಯುವ ಜಾಗದಲ್ಲಿ ವೈರು ಗಡುಸಾಗಿ, ಅಲುಗಾಟಕ್ಕೆ ಅಲ್ಲೇ ಎಳೆ ಎಳೆಯಾಗಿ ತುಂಡಾಗುತ್ತದೆ.

ಇನ್ವರ್ಟರ್ ಇನ್ನೊಂದು ಕಳ್ಳ. ಏನನ್ನೂ ಸಿಕ್ಕಿಸದೆ ಸುಮ್ಮನೆ ಆನ್ ಇದ್ದರೂ ನನ್ನದು 18 ವ್ಯಾಟ್ ತಿನ್ನುತ್ತಿತ್ತು. ಇಪ್ಪತ್ತನಾಲ್ಕು ಗಂಟೆಗೆ 430 ವ್ಯಾಟ್-ಅವರ್, ಹೆಚ್ಚೂಕಡಿಮೆ ಇನ್ನೊಂದು ಫ್ರಿಜ್ ಇಟ್ಟುಕೊಂಡ ಹಾಗೆ. ಲ್ಯಾಪ್‌ಟಾಪಿಗೆ 12 ವೋಲ್ಟಿನಿಂದ ನೇರ ಓಡುವ ಟೈಪ್-ಸಿ ಚಾರ್ಜರ್ ಹಾಕಿದ ಮೇಲೆ ಇನ್ವರ್ಟರಿನ ಸ್ವಿಚ್ ಮುಟ್ಟಿದ್ದು ವಾರಕ್ಕೊಮ್ಮೆ. ಇಡೀ ಪ್ರವಾಸದಲ್ಲಿ ಹಾಕಿದ ದುಡ್ಡಿಗೆ ಅತಿ ಹೆಚ್ಚು ಫಲ ಕೊಟ್ಟ ವಸ್ತು ಆ ಸಣ್ಣ ಚಾರ್ಜರೇ.

ಪ್ಯಾನೆಲ್ ನಾಲ್ಕೂ 100 ವ್ಯಾಟಿನವು, ಮೊದಲು ಸೀರೀಸ್‌ನಲ್ಲಿದ್ದವು. ಬೆಳಗ್ಗೆ ಎಂಟರಿಂದ ಹತ್ತರವರೆಗೆ ಚಾವಣಿ ಫ್ಯಾನಿನ ಮುಚ್ಚಳದ ನೆರಳು ಒಂದು ಪ್ಯಾನೆಲಿನ ಮೂಲೆಗೆ ಬೀಳುತ್ತಿತ್ತು, ಅಷ್ಟಕ್ಕೇ ಇಡೀ ಸಾಲು ಸೊರಗುತ್ತಿತ್ತು. ಎರಡೆರಡು ಸೀರೀಸ್, ಆ ಎರಡು ಜೋಡಿ ಪ್ಯಾರಲಲ್ ಮಾಡಿದ ಮೇಲೆ ಬೆಳಗಿನ ಗಳಿಕೆ ಕಣ್ಣಿಗೆ ಕಾಣುವಷ್ಟು ಏರಿತು. ಪೂರ್ತಿ ಪ್ಯಾರಲಲ್ ಇನ್ನೂ ಚೆನ್ನ, ಆದರೆ ಕರೆಂಟ್ ನಾಲ್ಕು ಪಟ್ಟಾಗಿ ಮತ್ತೆ ದಪ್ಪ ವೈರಿನ ಖರ್ಚು. ಪ್ಯಾನೆಲ್ ಅಡಿ ಎರಡೂವರೆ ಸೆಂ.ಮೀ. ಗಾಳಿ ಬಿಡಿ. 25 ಡಿಗ್ರಿ ಮೇಲೆ ಪ್ರತಿ ಡಿಗ್ರಿಗೂ 0.4 ಪರ್ಸೆಂಟಿನಷ್ಟು ಇಳುವರಿ ಕಡಿಮೆ, ಚಾವಣಿಗೆ ಅಂಟಿಸಿದ ಪ್ಯಾನೆಲ್ ಮಧ್ಯಾಹ್ನ ಕೈಯಿಡಲಾಗದಷ್ಟು ಕಾಯುತ್ತದೆ. ಚಳಿ ಪ್ರದೇಶಕ್ಕೆ ಹೋಗುವುದಿದ್ದರೆ ಬ್ಯಾಟರಿ ಒಳಗಿರಲಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಬ್ಯಾಟರಿಗೆ ಚಾರ್ಜ್ ಹರಿಸಿದರೆ ಸೆಲ್ ಹಾಳು. ಒಳ್ಳೆಯ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಒಳಗಿನ ಸರ್ಕ್ಯೂಟ್) ತಾನೇ ಚಾರ್ಜ್ ಕಡಿದುಹಾಕುತ್ತದೆ, ಆದರೆ ಆಗ ಬಿಸಿಲಿದ್ದೂ ಚಾರ್ಜ್ ಇಲ್ಲ.

ಫ್ರಿಜ್ ಮೇಲೆ ನಡೆಸಿದ ಒಂದು ಪ್ರಯೋಗ ಹೇಳಲೇಬೇಕು. ಅದರ ಕಂಪ್ರೆಸರ್ ಗಂಟೆಗೆ 28 ನಿಮಿಷ ಓಡುತ್ತಿತ್ತು. ಹಿಂದಿನ ಗೂಡಿನಲ್ಲಿ ಬಿಸಿಗಾಳಿ ಹೊರಹೋಗದೆ ಸುತ್ತುತ್ತಿದ್ದುದೇ ಕಾರಣ. ಕಂಪ್ಯೂಟರಿನ 120 ಮಿ.ಮೀ. ಫ್ಯಾನ್ ಒಂದನ್ನು ಕೂರಿಸಿದೆ, ಎಳೆತ ಎರಡು ವ್ಯಾಟ್. ಓಟ 20 ನಿಮಿಷಕ್ಕೆ ಇಳಿಯಿತು. ಫ್ಯಾನಿನ ಖರ್ಚು ಕಳೆದು ದಿನಕ್ಕೆ ನೂರು ವ್ಯಾಟ್-ಅವರ್ ಉಳಿತಾಯ, ಮೋಡದ ದಿನಕ್ಕೆ ಅದು ದೊಡ್ಡ ಮೊತ್ತ. ಫ್ಯಾನ್ ಎಲ್ಲಿ, ಯಾವ ಓರೆಯಲ್ಲಿ ಕೂರಿಸಿದೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಜಾಗ ಸಿಗಲು ಒಂಬತ್ತು ಸಲ ಬಿಚ್ಚಿ ಕಟ್ಟಬೇಕಾಯಿತು. ಊದುಬತ್ತಿ ಹಚ್ಚಿ ಹೊಗೆ ಎತ್ತ ಹೋಗುತ್ತದೆ ನೋಡಿ, ನಿಮ್ಮ ಗೂಡಿನ ಜಾಗ ನಿಮಗೆ ಸಿಗುತ್ತದೆ.

ಕರೆಂಟಿನ ಅನುಮಾನ ಇಟ್ಟುಕೊಂಡವರು ಮರೆತದ್ದು ತೂಕವನ್ನು. ಸಣ್ಣ ಜನರೇಟರ್ ಮತ್ತು ಅದರ ಇಂಧನದ ಕ್ಯಾನ್ ಸೇರಿದರೆ 30 ಕೆ.ಜಿ. 100 ಆಂಪಿಯರ್-ಅವರಿನ ಎರಡು ಲೆಡ್-ಆಸಿಡ್ ಬ್ಯಾಟರಿ 56 ಕೆ.ಜಿ., ಬಳಸಲು ಸಿಗುವುದು ಅರ್ಧ. ನನ್ನ ಲಿಥಿಯಂ 24 ಕೆ.ಜಿ. ಗಾಡಿಯ ತಗಡಿನ ಮೇಲೆ ಖಾಲಿ ತೂಕ 1180 ಅಂತ ಕೊರೆದಿದೆ, ವೇಬ್ರಿಜ್ ಮೇಲೆ ನಿಲ್ಲಿಸಿದರೆ 1262. ಬಿಸಿಲುಚಪ್ಪರ, ಪ್ಯಾನೆಲ್, ಬ್ಯಾಟರಿ ಎಲ್ಲ ಆಮೇಲೆ ಸೇರಿದ್ದು. ಮಿತಿ 1500. ಉಳಿದ 238ರಲ್ಲಿ ನೀರು 80, ಗ್ಯಾಸ್ ಸಿಲಿಂಡರುಗಳು 20 ಕಳೆದರೆ ಇಬ್ಬರ ಮೂರು ತಿಂಗಳ ಸಂಸಾರಕ್ಕೆ 138 ಕೆ.ಜಿ. ಹೊರಡುವ ಮೊದಲು ಒಂದೊಂದು ಡಬ್ಬವನ್ನೂ ಕೊಕ್ಕೆತಕ್ಕಡಿಗೆ ತೂಗುಹಾಕಿ ಬರೆದುಕೊಳ್ಳಿ. ನೀರನ್ನು 20 ಲೀಟರ್ ಮಾತ್ರ ಹೊತ್ತು ಓಡಿಸಿ, ತಂಗುವ ಜಾಗಕ್ಕೆ ಹತ್ತು ಕಿ.ಮೀ. ಇರುವಾಗ ತುಂಬಿಸಿ.

ನೀರು ಕಡಿಮೆ ಹೊರಲು ಇನ್ನೂ ದೊಡ್ಡ ಕಾರಣ ಮೂತಿತೂಕ, ಅಂದರೆ ಹಿಚ್ (ಕಾರಿಗೆ ಗಾಡಿ ಸಿಕ್ಕಿಸುವ ಕೊಂಡಿ) ಮೇಲೆ ಬೀಳುವ ಭಾರ. ನಮ್ಮ ಮಾದರಿಯ ಹಗುರ ಗಾಡಿಗೆ ಒಟ್ಟು ತೂಕದ 5ರಿಂದ 7 ಪರ್ಸೆಂಟ್ ಇರಬೇಕು. ಟ್ಯಾಂಕ್ ಆಕ್ಸಲ್ಲಿಗಿಂತ 90 ಸೆಂ.ಮೀ. ಹಿಂದೆ ಇದೆ. ಖಾಲಿ ಟ್ಯಾಂಕಿನಲ್ಲಿ 90 ಕೆ.ಜಿ. ಇದ್ದ ಮೂತಿತೂಕ ತುಂಬಿದಾಗ 71. ಹಿಂಬದಿಗೆ ಸೈಕಲ್ ಎರಡು ಕಟ್ಟಿದರೆ 51. ಗಾಡಿ ಇಳಿಜಾರಿನಲ್ಲಿ ಬಾಲ ಅಲ್ಲಾಡಿಸತೊಡಗುವುದು ಇಲ್ಲೇ. ಸೈಕಲ್ಲುಗಳನ್ನು ಕಾರಿನ ಮೇಲಕ್ಕೆ ಏರಿಸಿದೆ, ಅಲ್ಲಾಟ ನಿಂತಿತು. ಅಳೆಯಲು ಮನೆಯ ತೂಕದ ಯಂತ್ರವೇ ಸಾಕು: ಚಕ್ರಕ್ಕೆ ಅಡ್ಡಗಟ್ಟೆ ಕೊಟ್ಟು, ಗಾಡಿಯನ್ನು ಮಟ್ಟಸ ಮಾಡಿ, ಯಂತ್ರದ ಮೇಲೆ ಹಿಚ್ ಎತ್ತರಕ್ಕೆ ಕೊಯ್ದ ಮರದ ತುಂಡು ನಿಲ್ಲಿಸಿ, ಮೂತಿಯನ್ನು ಹೊರುವ ಸಣ್ಣ ಜಾಕಿ ವೀಲ್ ಮೇಲೆತ್ತಿ. ಮೂತಿ ಎತ್ತರವಿದ್ದರೂ ತಗ್ಗಿದ್ದರೂ ಅಂಕಿ ಸುಳ್ಳು ಹೇಳುತ್ತದೆ. ಓಡುವಾಗ ಅಲ್ಲಾಟ ಶುರುವಾದರೆ ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟೀರಿಂಗ್ ನೇರ ಹಿಡಿದು ಸುಮ್ಮನಿರಿ. ಕಾರಿನ ಬ್ರೇಕ್ ಒತ್ತಿದರೆ ಹಿಂದಿನ ಗಾಡಿ ಮುಂದಿನದನ್ನು ಒತ್ತರಿಸುತ್ತದೆ. ಕ್ಯಾರವಾನಿನ ಬ್ರೇಕನ್ನು ಮಾತ್ರ ಹಿಡಿಯುವ ಕಂಟ್ರೋಲರ್ ಇದ್ದರೆ ಅದನ್ನು ಮೆಲ್ಲಗೆ ಬಳಸಿ.

ವೇಗ 80. ಹಿಂದಿನವರು ಹಾರನ್ ಹೊಡೆಯುತ್ತಾರೆ, ದಾರಿ ಕೊಟ್ಟರಾಯಿತು. ಕಾರು ಒಂಟಿಯಾಗಿ ನೂರು ಕಿ.ಮೀ.ಗೆ 8 ಲೀಟರ್ ಕುಡಿಯುವಂಥದ್ದು. ಕ್ಯಾರವಾನ್ ಎಳೆದು 80ರಲ್ಲಿ ಹನ್ನೊಂದೂವರೆ, 100ರಲ್ಲಿ ಹದಿನಾಲ್ಕೂವರೆ. ಗಾಳಿಯ ತಡೆ ವೇಗದ ವರ್ಗಕ್ಕೆ ಏರುವುದರಿಂದ ಆ ಇಪ್ಪತ್ತು ಕಿ.ಮೀ. ವೇಗ ದುಬಾರಿ. ಹನ್ನೊಂದು ಸಾವಿರ ಕಿ.ಮೀ.ಗೆ 330 ಲೀಟರ್ ವ್ಯತ್ಯಾಸ. ಪ್ರವಾಸದ ಒಟ್ಟು ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಇಂಧನವೇ ಆದ್ದರಿಂದ ಉಳಿಸುವುದಿದ್ದರೆ ಇಲ್ಲೇ ಉಳಿಸಬೇಕು.

ನಿಂತಾಗಲೆಲ್ಲ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಹಬ್ (ಚಕ್ರದ ನಡುಭಾಗ) ಮತ್ತು ಟೈರುಗಳನ್ನು ಸುತ್ತಿ ಬನ್ನಿ. ನೋಡಬೇಕಾದ್ದು ಎರಡು ಪಕ್ಕದ ವ್ಯತ್ಯಾಸ. ಎಡ ಹಬ್ 40 ಡಿಗ್ರಿ, ಬಲ 44 ಇದ್ದರೆ ನೆಮ್ಮದಿಯಾಗಿ ಹೊರಡಬಹುದು. ಎಡ 40, ಬಲ 68 ತೋರಿಸಿದ ದಿನ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿದರೆ ಅರ್ಧ ಸುತ್ತಿಗೇ ಹಿಡಿಯುತ್ತಿತ್ತು. ಹ್ಯಾಂಡ್‌ಬ್ರೇಕ್ ಕೇಬಲ್ ಬಿಗಿ ಹೆಚ್ಚಾಗಿ ಬ್ರೇಕ್ ಶೂ ಉಜ್ಜುತ್ತಿತ್ತು. ಇನ್ನೂರು ಕಿ.ಮೀ. ಹಾಗೇ ಓಡಿಸಿದ್ದರೆ ಗ್ರೀಸ್ ಕರಗಿ ಬೇರಿಂಗ್ ಹೋಗುತ್ತಿತ್ತು. ಗ್ರೀಸ್ ತುಂಬಿದ ಒಂದು ಜೊತೆ ಬೇರಿಂಗ್ ಮತ್ತು ಸೀಲ್ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟುಕೊಳ್ಳಿ. ಗಾಡಿ ಎಳೆಸಿಕೊಂಡು ಹೋಗುವ ಖರ್ಚಿನ ಮುಂದೆ ಅದರ ಬೆಲೆ ಲೆಕ್ಕಕ್ಕಿಲ್ಲ. ಚಕ್ರ ಬಿಚ್ಚಿ ಹಾಕಿದರೆ 50 ಕಿ.ಮೀ. ಆದ ಮೇಲೆ ಟಾರ್ಕ್ ರೆಂಚಿನಿಂದ (ಬಿಗಿ ಎಷ್ಟೆಂದು ಅಳೆಯುವ ಪಾನ) ನಟ್ಟು ಮತ್ತೆ ಬಿಗಿ ಮಾಡಬೇಕು. ಟೈರಿನ ಗಾಳಿ ತಣ್ಣಗಿದ್ದಾಗಲೇ ನೋಡಿ. ಕ್ಯಾರವಾನ್ ಟೈರು ಸವೆಯುವ ಮೊದಲೇ ವಯಸ್ಸಾಗಿ ಸಾಯುತ್ತದೆ, ಟೈರಿನ ಪಕ್ಕದಲ್ಲಿ DOT ಎಂದು ಅಚ್ಚಾದ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. ಸ್ಟೆಪ್ನಿಯದ್ದನ್ನೂ ಓದಿ.

ನೀರಿನಲ್ಲಿ ಮೊದಲು ಹೇಳುವಂಥದ್ದು: ಓಡುವಾಗ ಪಂಪಿನ ಸ್ವಿಚ್ ಆಫ್ ಇರಲಿ. ಕುಲುಕುವ ರಸ್ತೆಯಲ್ಲಿ ಸಿಂಕಿನಡಿಯ ಪೈಪಿನ ಜೋಡಣೆ ಕಳಚಿದರೆ, ಒತ್ತಡ ಇಳಿದದ್ದು ಕಂಡ ಪಂಪ್ ಟ್ಯಾಂಕನ್ನೆಲ್ಲ ನೆಲಕ್ಕೆ ಸುರಿಯುತ್ತದೆ. ಪ್ಲೈವುಡ್ ನೆಲ ಒಮ್ಮೆ ಕುಡಿದ ನೀರು ಒಣಗಲು ವಾರ ಬೇಕು. ನಲ್ಲಿ ಮುಚ್ಚಿದ್ದರೂ ರಾತ್ರಿ ಪಂಪ್ ಆಗಾಗ ಚಿಟ್ ಅಂದರೆ ಎಲ್ಲೋ ಹನಿಯುತ್ತಿದೆ ಎಂದರ್ಥ. ಟ್ಯಾಂಕ್ ತೊಳೆಯಲು ವಾಸನೆ ಬೆರೆಸದ 5 ಪರ್ಸೆಂಟ್ ಬ್ಲೀಚ್, ಲೀಟರಿಗೆ ಒಂದು ಮಿ.ಲೀ., ಅಂದರೆ 80 ಲೀಟರಿಗೆ 80. ಎಲ್ಲ ನಲ್ಲಿಗಳಲ್ಲೂ ವಾಸನೆ ಬರುವ ತನಕ ಬಿಟ್ಟು, ನಾಲ್ಕು ಗಂಟೆ ಇಟ್ಟು, ವಾಸನೆ ಹೋಗುವವರೆಗೆ ಚೆನ್ನಾಗಿ ಜಾಲಿಸಿ.

ಗ್ಯಾಸ್ ಅಂದುಕೊಂಡದ್ದಕ್ಕಿಂತ ಕಡಿಮೆ ಸಾಕಾಯಿತು. 2 ಕಿಲೋವ್ಯಾಟಿನ ಬರ್ನರ್ ಪೂರ್ತಿ ಉರಿದರೆ ಗಂಟೆಗೆ 145 ಗ್ರಾಂ. ದಿನಕ್ಕೆ 50 ನಿಮಿಷ ಉರಿ ಅಂದರೆ 120 ಗ್ರಾಂ, 5 ಕೆ.ಜಿ. ಸಿಲಿಂಡರ್ 40 ದಿನ. ಚಳಿಗೆ ಪ್ರೊಪೇನ್ ಬೇಕು, ಬ್ಯೂಟೇನ್ ಸೊನ್ನೆ ಡಿಗ್ರಿ ಆಸುಪಾಸಿನಲ್ಲೇ ಆವಿಯಾಗುವುದನ್ನು ನಿಲ್ಲಿಸುತ್ತದೆ. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದ ಕಿಂಡಿಯಿಂದಲೇ ಹೊರಹೋಗಬೇಕು. ಚಳಿ ಎಂದು ಆ ಕಿಂಡಿಗೆ ಬಟ್ಟೆ ತುರುಕುವವರನ್ನು ಕಂಡರೆ ಜೀವ ಝಲ್ ಎನ್ನುತ್ತದೆ. ದಯವಿಟ್ಟು ಬೇಡ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಕೂಡ ಬಿಡಬೇಡಿ.

ಬಟ್ಟೆ ಒಗೆಯುವ ಪ್ರಯೋಗ ಪೂರ್ತಿ ಗೆದ್ದಿತು. ತಿರುಪು ಮುಚ್ಚಳದ 20 ಲೀಟರ್ ಡ್ರಮ್ಮಿಗೆ ಎರಡು ಕೆ.ಜಿ. ಬಟ್ಟೆ, 6 ಲೀಟರ್ ನೀರು, ಅರ್ಧ ಚಮಚ ಸೋಪಿನ ಪುಡಿ ಹಾಕಿ ಸ್ನಾನದ ಮೂಲೆಯಲ್ಲಿ ಕಟ್ಟಿ 80 ಕಿ.ಮೀ. ಓಡಿದರೆ ಕಾಲರ್ ಸಹ ಶುಭ್ರ. ಅರ್ಧಕ್ಕಿಂತ ಹೆಚ್ಚು ತುಂಬಿದರೆ ಒಳಗೆ ಕುಲುಕಾಟವೇ ಇಲ್ಲ, ಕೊಳೆ ಹಾಗೇ. ಪ್ಯಾನೆಲ್ ಓರೆ ಮಾಡುವ ಪ್ರಯೋಗ ಸೋತಿತು, ದಿನಕ್ಕೆ ಎರಡು ಸಲ ಚಾವಣಿ ಹತ್ತುವಷ್ಟು ಲಾಭ ಇಲ್ಲ. ಅದರ ಬದಲು 10 ಮೀಟರ್ ವೈರಿನ ಒಂದು ಬಿಡಿ ಪ್ಯಾನೆಲ್ ನೆಲದ ಮೇಲೆ ಇಡುವುದು ಜಾಣತನ: ಗಾಡಿ ಮರದ ನೆರಳಿನಲ್ಲಿ, ಪ್ಯಾನೆಲ್ ಬಿಸಿಲಿನಲ್ಲಿ. ಮುಂದಿನ ಸಲಕ್ಕೆ ಅದನ್ನೇ ಕೊಂಡಿಟ್ಟಿದ್ದೇನೆ.

ಸದ್ಯಕ್ಕೆ ಗಾಡಿ ಶೆಡ್ಡಿನಲ್ಲಿದೆ. ಬ್ಯಾಟರಿ 60 ಪರ್ಸೆಂಟಿಗೆ ಇಳಿಸಿ ಮೇನ್ ಸ್ವಿಚ್ ಆಫ್, ಟ್ಯಾಂಕ್ ಖಾಲಿ, ನಲ್ಲಿಗಳು ತೆರೆದಿವೆ, ಹ್ಯಾಂಡ್‌ಬ್ರೇಕ್ ಬಿಟ್ಟು ಚಕ್ರಕ್ಕೆ ಅಡ್ಡಗಟ್ಟೆ ಇಟ್ಟಿದೆ. ಫ್ರಿಜ್ ಬಾಗಿಲು ಮುಚ್ಚಿಕೊಳ್ಳದಂತೆ ಮಡಚಿದ ಟವೆಲ್ ಸಿಕ್ಕಿಸಿದ್ದೇನೆ, ಇಲ್ಲದಿದ್ದರೆ ತಿಂಗಳೊಳಗೆ ಬೂಸಲು.